ಗುರುವಾರ ಸಂಜೆಯ ಐದು ಅಂಕ

ದೊಡ್ಡ ಸರೋವರವೊಂದರ ದಡದ ಬಂದರು ಪಟ್ಟಣ ಡುಲೂತ್‌ನ ಒಂದು ಸಣ್ಣ ಕಾಲೇಜಿನಲ್ಲಿ ಟೋವಾ ಲಿಂಡಾಲ್ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಯಾವ ಅಧ್ಯಾಯ ಓದಬೇಕು, ಕಿರುಪರೀಕ್ಷೆ ಯಾವತ್ತು ಎಂದು ಪ್ರತಿ ಸೋಮವಾರ ತರಗತಿಯ ವೆಬ್‌ಸೈಟಿನಲ್ಲಿ ಪ್ರಕಟಣೆ ಹಾಕುವುದು ಅವರ ರೂಢಿ. ನವೆಂಬರಿನ ಒಂದು ಸೋಮವಾರ ಅದರ ಕೊನೆಯಲ್ಲಿ ಹೊಸ ವಿಷಯವೊಂದಿತ್ತು. ಬಂದರಿನ ಕಚೇರಿಯಿಂದ ನಿವೃತ್ತರಾದ ಆರಿನ್ ಹೌಗೆನ್ ಗುರುವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ಅದಿರು ಸಾಗಿಸುವ ಹಡಗುಗಳ ವ್ಯಾಪಾರದ ಬಗ್ಗೆ ಮಾತಾಡುತ್ತಾರೆ. ಕೇಳಿ ಒಂದು ಪುಟ ಬರೆದವರಿಗೆ ಐದು ಹೆಚ್ಚುವರಿ ಅಂಕ.

ಹಿಂದಿನ ಪರೀಕ್ಷೆ ಬಹಳ ಜನಕ್ಕೆ ಕೈಕೊಟ್ಟಿತ್ತು. ಹಾಗಾಗಿ ತರಗತಿಗೆ ಖುಷಿಯೋ ಖುಷಿ. ಮಾರ್ಲಿಸ್ ಬೋಲ್ಯೂ ಮಾತ್ರ ಪಾಠ ಮುಗಿದ ಮೇಲೂ ಕೂತಲ್ಲೇ ಕೂತಿದ್ದಳು. ಮೂವತ್ತು ದಾಟಿದ ಹೆಂಗಸು. ಸಂಜೆ ಗುಡ್ಡದ ಮೇಲಿನ ವೃದ್ಧಾಶ್ರಮದಲ್ಲಿ ಕೆಲಸ. ನರ್ಸಿಂಗ್ ಸೇರಬೇಕಾದರೆ ಈ ವಿಷಯದಲ್ಲಿ ಒಳ್ಳೆಯ ಗ್ರೇಡ್ ಬೇಕಿತ್ತು.

"ಒಂದನ್ನ ಆರಿಸ್ಕೊಂಡಾಗ ಏನು ಬಿಡ್ತೀವೋ ಅದೇ ಅದರ ಬೆಲೆ ಅಂತ ಹೋದ ವಾರ ನೀವೇ ಹೇಳಿದ್ರಿ ಮೇಡಂ," ಎಂದಳು. "ಉಳಿದೋರೆಲ್ಲ ಈ ಐದು ಅಂಕಕ್ಕೆ ಟಿವಿ ಬಿಟ್ರೆ ಸಾಕು. ನಾನು ಶಿಫ್ಟ್ ಬಿಡ್ಬೇಕು."

ಟೋವಾ ಮನೆಗೆ ಹೋಗಿ ಯೋಚಿಸಿದರು. ಸಭಾಂಗಣ ಬಿಡುವಿರುವುದು ಸಂಜೆಯೇ ಎಂದು ಪ್ರತಿ ವರ್ಷ ಇಂಥ ಉಪನ್ಯಾಸವನ್ನು ಸಂಜೆಯೇ ಇಡುತ್ತಿದ್ದರು; ಬರಲಾಗದವರು ಯಾರೆಂದು ವಿಚಾರಿಸಿದ್ದೇ ಇಲ್ಲ. ಮರುದಿನ ಮಾರ್ಲಿಸ್‌ಳನ್ನು ಕರೆದು, ಬೇರೊಂದು ಪ್ರಬಂಧ ಬರೆದುಕೊಟ್ಟರೂ ಆದೀತು ಎಂದರು.

"ನಂಗೊಬ್ಬಳಿಗೇ ಬೇರೆ ಬೇಡ. ಆಮೇಲೆ ಅತ್ತೂ ಕರೆದೂ ಅಂಕ ಗಿಟ್ಟಿಸ್ಕೊಂಡ್ಲು ಅಂತಾರೆ. ಹೌಗೆನ್ ಅವರೇ ನಮ್ಮ ಆಶ್ರಮಕ್ಕೆ ಬರ್ಲಿ. ಆರೂವರೆಗೆ ಊಟದ ಹಾಲ್ ಖಾಲಿ ಆಗತ್ತೆ. ಅಲ್ಲಾದ್ರೆ ಕೆಲಸದ ಮಧ್ಯೆ ನಾನೂ ಕೇಳ್ಬಹುದು."

ಆಶ್ರಮದವರು ಒಪ್ಪಿದರು. ಟೋವಾ ಪ್ರಕಟಣೆ ತಿದ್ದಿದರು. ಗುರುವಾರ ಸರೋವರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿದ್ದರೂ ಅರ್ಧ ತರಗತಿ ಬಂದಿತ್ತು. ಮುಂದಿನ ಸಾಲುಗಳೆಲ್ಲ ಗಾಲಿಕುರ್ಚಿಯ ಅಜ್ಜ ಅಜ್ಜಿಯರದ್ದು. ಹೌಗೆನ್ ಒಂದು ಮಾತು ಮುಗಿಸುವಷ್ಟರಲ್ಲಿ ಅವರಲ್ಲೊಬ್ಬರು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಿದ್ದರು.

ಮಾರ್ಲಿಸ್ ಗೋಡೆಗೊರಗಿ ನಿಂತು ಕೇಳುತ್ತಿದ್ದಳು. ನಡುವೆ, ಆಶ್ರಮಕ್ಕೆ ಹೊಸದಾಗಿ ಬಂದಿದ್ದ ಕಾರ್ಲೊ ನಿಯೆಮಿ ಎಂಬ ಮುದುಕ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡು ಗಾಬರಿಯಾದ. ಅವಳು ಅವನನ್ನು ಕೋಣೆಗೆ ಕರೆದೊಯ್ದು, ಬಟ್ಟೆ ಬದಲಿಸಿ ಮಲಗಿಸಿದಳು. ಅವನು ಅವಳ ಕೈ ಬಿಡಲಿಲ್ಲ; ಅವಳೂ ಬಿಡಿಸಿಕೊಳ್ಳಲಿಲ್ಲ. ಅವನಿಗೆ ನಿದ್ದೆ ಹತ್ತಿದ ಮೇಲೆ ಬಂದು ನೋಡಿದರೆ ಹುಡುಗರು ಕುರ್ಚಿ ಎತ್ತಿಡುತ್ತಿದ್ದರು.

ಬಂದಿದ್ದವರೆಲ್ಲರ ಪುಟ ಬಂತು, ಅವಳದ್ದು ಬರಲಿಲ್ಲ. ಟೋವಾ ಕೇಳಿದಾಗ ಅವಳು, "ಅರ್ಧ ಕೇಳಿ ಪೂರ್ತಿ ಅಂಕ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ ಮೇಡಂ," ಎಂದಳು.

"ಹಾಗಿದ್ರೆ ಉಳಿದ ಅರ್ಧಾನೂ ಕೇಳಿ. ಈ ಗುರುವಾರ ಅವರು ಮತ್ತೆ ಬರ್ತಿದಾರೆ."

"ಯಾರು ಕರೆದ್ರು?"

"ನಿಮ್ಮ ಆಶ್ರಮದ ಅಜ್ಜಿಯರು. ಅವರ ಪ್ರಶ್ನೆ ಇನ್ನೂ ಮುಗಿದಿಲ್ವಂತೆ."

ಮಾರ್ಲಿಸ್ ನಕ್ಕುಬಿಟ್ಟಳು.

ಎರಡನೆಯ ಸಲ ಹೊಸ ಅಂಕವೇನೂ ಇರಲಿಲ್ಲ, ಆದರೂ ತರಗತಿಯಿಂದ ಇಬ್ಬರು ಬಂದರು. ಮಾರ್ಲಿಸ್ ಕಾರ್ಲೊನ ಪಕ್ಕ ಕೂತು, ಅವನ ಲೋಟ ತಾನೇ ಹಿಡಿದುಕೊಂಡು, ಕೊನೆಯವರೆಗೂ ಕೇಳಿದಳು. ಅವಳು ಬರೆದದ್ದು ಒಂದು ಪುಟ ಮೀರಿ ಹೋಯಿತು, ಟೋವಾ ಆಕ್ಷೇಪಿಸಲಿಲ್ಲ. ಡಿಸೆಂಬರಿನಲ್ಲಿ ಬೇಕಿದ್ದ ಗ್ರೇಡ್ ಹೇಗೋ ದಕ್ಕಿತು, ಮುಂದಿನ ವರ್ಷ ನರ್ಸಿಂಗಿಗೆ ಸೀಟೂ ಸಿಕ್ಕಿತು.

ಹೌಗೆನ್ ಮಾತ್ರ ಆ ಚಳಿಗಾಲವೆಲ್ಲ ಗುಡ್ಡ ಹತ್ತಿ ಬರುತ್ತಲೇ ಇದ್ದರು. ಮಾತು ಹಡಗಿನಿಂದ ಮೀನಿಗೆ, ಮೀನಿನಿಂದ ಅಜ್ಜಿಯರು ಅದನ್ನು ಹೊಗೆಯಲ್ಲಿ ಒಣಗಿಸುತ್ತಿದ್ದ ಬಗೆಗೆ ಹೊರಳಿಕೊಂಡಿತು. ಆಮೇಲಾಮೇಲೆ ಮಾತೆಲ್ಲ ಅಜ್ಜಿಯರದ್ದೇ; ಹೌಗೆನ್ ಕೇಳುವವರಾಗಿ ಕೂತರು.