ಕಪ್ಪಾಗಿರಬೇಕಾದ ಸಾಲು

ನಮ್ಮ ಆಫೀಸು ಎಂದರೆ ಎರಡು ಮೇಜು, ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ಗ್ರೀಸಿನ ಡಬ್ಬಗಳು. ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಾನೆ, ನಾನು ಫೋನು ಮತ್ತು ಮೇಲ್ ನೋಡಿಕೊಳ್ಳುತ್ತೇನೆ. ಹೋದ ತಿಂಗಳಿನಿಂದ ಅತ್ತಿಗೆಯೂ ಬಂದು ಕೂರುತ್ತಾರೆ. ಅವರು ಬಂದ ಮೇಲೆ ಡಬ್ಬಗಳು ಸಾಲಾಗಿ ನಿಂತವು, ಪೆನ್ನುಗಳಿಗೆ ಲೋಟ ಸಿಕ್ಕಿತು, ನನಗೆ ಮಾತ್ರ ಏನೂ ಕೈಗೆ ಸಿಗದಂತಾಯಿತು.

ನಮ್ಮಲ್ಲಿ ಒಂದು ರೂಢಿ ಇದೆ. ಲಿಫ್ಟ್ ಕೆಟ್ಟಿದೆ ಎಂದು ಮೇಲ್ ಬಂದರೆ ಓದಿ, ಅಣ್ಣನನ್ನು ಕಳಿಸಿ, ಆಮೇಲೆ ಅದೇ ಮೇಲ್‌ಗೆ ಮತ್ತೆ 'ಓದಿಲ್ಲ' ಎಂದು ಗುರುತು ಹಾಕುತ್ತೇನೆ. ಆಗ ಇನ್‌ಬಾಕ್ಸಿನಲ್ಲಿ ಆ ಸಾಲು ದಪ್ಪಗೆ, ಕಪ್ಪಗೆ ನಿಲ್ಲುತ್ತದೆ. ಕಪ್ಪು ಸಾಲು ಇದ್ದರೆ ಅಣ್ಣ ಲಿಫ್ಟಿನ ಬಾವಿಯೊಳಗೆ ಇದ್ದಾನೆ ಎಂದರ್ಥ. ಅವನು ಹೊರಗೆ ಬಂದು ತಾನೇ ಫೋನ್ ಮಾಡಿದ ಮೇಲಷ್ಟೇ ಅದು ತೆಳುವಾಗಬೇಕು. ಕರೆಂಟ್ ಹಾಕಬಹುದಾ ಎಂದು ಕಟ್ಟಡದವರು ಕೇಳಿದಾಗ ನಾವು ನೋಡುವುದು ಆ ಸಾಲನ್ನೇ. ದೊಡ್ಡ ಕಂಪನಿಯವರು ಕೇಳಿದರೆ ನಕ್ಕಾರು. ನಗಲಿ. ಇಷ್ಟು ವರ್ಷ ಅಣ್ಣ ಕೈಕಾಲು ನೆಟ್ಟಗಿಟ್ಟುಕೊಂಡೇ ಮನೆಗೆ ಬಂದಿದ್ದಾನೆ.

ಆ ದಿನ ಅಣ್ಣ ಹೋಗಿದ್ದು ತಕರಾರಜ್ಜಿಯ ಕಟ್ಟಡಕ್ಕೆ. ಮೇಲಿನ ಮಹಡಿಯ ಆ ಅಜ್ಜಿಗೆ ಮೇಲ್ ಬರೆಯುವುದೆಂದರೆ ಉಸಿರಾಡಿದಷ್ಟೇ ಸಲೀಸು. ಎಲ್ಲದಕ್ಕೂ ಒಂದೇ ತಲೆಬರಹ: 'ಲಿಫ್ಟ್ ವಿಚಾರ'. ಲಿಫ್ಟ್ ಜರ್ಕ್ ಹೊಡೆಯಿತು, ದೀಪ ಮಿಣುಕಿತು, ಕನ್ನಡಿಗೆ ಯಾರೋ ಬೆರಳು ಒತ್ತಿದ್ದಾರೆ. ಅವತ್ತು ಮಾತ್ರ ನಿಜವಾಗಿಯೂ ಕೆಲಸವಿತ್ತು. ತಳದ ಗುಂಡಿಯಲ್ಲಿರುವ ಸ್ಟಾಪ್ ಸ್ವಿಚ್ಚೇ ಕೆಟ್ಟಿತ್ತು. ಅದು ಸರಿಯಾಗುವವರೆಗೆ ಅಣ್ಣನಿಗೆ ರಕ್ಷಣೆ ಎಂದರೆ ಮೇಲೆ ಮೆಷಿನ್ ರೂಮಿನಲ್ಲಿ ಆರಿಸಿದ್ದ ಮೇನ್ ಸ್ವಿಚ್ ಒಂದೇ. ಯಾರಾದರೂ ಅದನ್ನು ಹಾಕಿದರೆ, ಕೆಳಗೆ ಯಾರೋ ಬಟನ್ ಒತ್ತಿದರೆ, ಲಿಫ್ಟ್ ನೇರ ಅವನ ತಲೆಯ ಮೇಲೆ ಇಳಿಯುತ್ತದೆ.

"ಇದೇನು ಇನ್‌ಬಾಕ್ಸಾ, ಸಂತೆಯಾ?" ಎಂದರು ಅತ್ತಿಗೆ. "ಅಜ್ಜಿ ಮೇಲ್‌ಗಳೇ ಅರ್ಧ ಸ್ಕ್ರೀನ್ ತುಂಬಿವೆ. ಸ್ವಲ್ಪ ನೀಟಾಗಿ ಕಾಣೋ ಹಾಗೆ ಮಾಡ್ಲಾ?"

"ಏನಾದ್ರೂ ಮಾಡ್ಕೊಳ್ಳಿ. ಕಪ್ಪು ಸಾಲಿನ ತಂಟೆಗೆ ಮಾತ್ರ ಹೋಗ್ಬೇಡಿ."

"ಅಷ್ಟೂ ಗೊತ್ತಿಲ್ವಾ ನಂಗೆ? ಅಲ್ಲಿರೋದು ನನ್ನ ಗಂಡ."

ಕೊರಿಯರ್‌ನವನು ಕೆಳಗೆ ಹಾರ್ನ್ ಹೊಡೆದ. ಬಿಡಿಭಾಗದ ಪೆಟ್ಟಿಗೆ ಹಿಡಿದು ಇಳಿದೆ. ಅವನು ರಸೀದಿ ಹುಡುಕಲು ಇಡೀ ಬ್ಯಾಗು ಕೊಡವಿದ. ಮೈ ಪರಚಿಕೊಳ್ಳುವಂತಾಯಿತು.

ವಾಪಸ್ ಬಂದಾಗ ಅತ್ತಿಗೆ ಫೋನ್ ಇಡುತ್ತಿದ್ದರು. ಸ್ಕ್ರೀನ್ ನೋಡಿದರೆ ನಮ್ಮದೇ ಎಂದು ಅನ್ನಿಸಲಿಲ್ಲ. ಸಾಲುಗಳು ಒತ್ತೊತ್ತಾಗಿ ಕೂತಿದ್ದವು, ಬಲಗಡೆ ಮೇಲ್ ತನ್ನಿಂದ ತಾನೇ ಬಿಚ್ಚಿಕೊಳ್ಳುವ ಹೊಸ ಕಿಟಕಿ, ಒಂದೇ ತಲೆಬರಹದ ಮೇಲ್‌ಗಳೆಲ್ಲ ಮಡಚಿ ಒಂದೊಂದು ಕಟ್ಟು. ಎಲ್ಲವೂ ತೆಳ್ಳಗೆ, ಅಚ್ಚುಕಟ್ಟಾಗಿತ್ತು.

"ಯಾರ ಫೋನು?"

"ಅಜ್ಜಿ ಕಟ್ಟಡದ ವಾಚ್‌ಮನ್‌ದು. ಮೇಲಿನ ಮನೆಯವರೆಲ್ಲ ಬೈತಿದ್ದಾರಂತೆ, ಕರೆಂಟ್ ಹಾಕ್ಲಾ ಅಂದ. ನೋಡಿದೆ, ಕಪ್ಪು ಸಾಲು ಇರ್ಲಿಲ್ಲ. ಹಾಕಿ ಅಂದೆ."

"ಅಣ್ಣ ಫೋನ್ ಮಾಡಿದ್ನಾ?"

"ನೀನು ಕೆಳಗೆ ಹೋಗೋಕೆ ಮುಂಚೆ ಮಾಡಿರ್ಬೇಕಲ್ವಾ? ಸಾಲು ತೆಳ್ಳಗಿತ್ತಲ್ಲ..."

ಅಣ್ಣ ಫೋನ್ ಮಾಡಿರಲಿಲ್ಲ. ಅಜ್ಜಿಯ ಕಟ್ಟನ್ನು ಅತ್ತಿಗೆ ಒಮ್ಮೆ ಮುಟ್ಟಿದ್ದಾರೆ, ಆ ಹೊಸ ಕಿಟಕಿ ಅದನ್ನು ಬಿಚ್ಚಿ ತೋರಿಸಿದೆ, ಬಿಚ್ಚಿದ್ದನ್ನೆಲ್ಲ ಕಂಪ್ಯೂಟರು ಓದಿದ್ದು ಎಂದು ಎಣಿಸಿದೆ. ಅಣ್ಣನ ಸಾಲು ಸದ್ದಿಲ್ಲದೆ ತೆಳುವಾಗಿದೆ.

"ಅತ್ತಿಗೆ, ಅಣ್ಣ ಇನ್ನೂ ಒಳಗೇ ಇದ್ದಾನೆ."

ನಾನು ವಾಚ್‌ಮನ್ ಗೂಡಿಗೆ ಫೋನ್ ಹಚ್ಚಿದೆ. ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎತ್ತುವುದು ಹೇಗೆ? ಲಿಫ್ಟ್ ನಿಂತಿದೆ, ಆ ಮುದುಕ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿರುತ್ತಾನೆ. ಅಣ್ಣನ ಮೊಬೈಲು ಅವನ ಚೀಲದಲ್ಲಿ, ಚೀಲ ಗುಂಡಿಯ ಹೊರಗೆ. ಆ ಮಂಡಿನೋವು ಇನ್ನಷ್ಟು ಜೋರಾಗಲಿ ಎಂದು ಬೇಡಿಕೊಂಡೆ. ಇನ್ನೊಬ್ಬರ ನೋವಿಗೆ ಹಾಗೆ ಹಾತೊರೆದದ್ದು ಅದೇ ಮೊದಲು.

"ಅಜ್ಜಿ! ಮೆಷಿನ್ ರೂಮಿನ ಮೆಟ್ಟಿಲು ಅಜ್ಜಿ ಬಾಗಿಲ ಪಕ್ಕನೇ ಇದೆ. ನಂಬರ್ ಮೇಲ್‌ನ ಕೊನೇಲಿರುತ್ತೆ," ಎಂದು ಮೌಸ್ ಹಿಡಿದೆ. ತಾರೀಕಿನ ಸಾಲೇ ಇಲ್ಲ, ಎಲ್ಲ ತಲೆಬರಹದ ಪ್ರಕಾರ ಕೂತಿವೆ. ಮೇಲೆ ಹೋದೆ, ಕೆಳಗೆ ಬಂದೆ, ಅಜ್ಜಿ ಎಲ್ಲೂ ಇಲ್ಲ. ಇಡೀ ದಿನ ತಲೆ ತಿನ್ನುತ್ತಿದ್ದ ಅಜ್ಜಿ ಬೇಕಾದಾಗ ಮಾಯ!

"ಸರಿ ಆಚೆ!" ಅತ್ತಿಗೆ ನನ್ನನ್ನು ಕುರ್ಚಿ ಸಮೇತ ತಳ್ಳಿದರು. ಸಾಲಿನ ಎಡತುದಿಯ ಪುಟ್ಟ ಬಾಣ ಒತ್ತಿದರು. ಕಟ್ಟು ಬಿಚ್ಚಿಕೊಂಡಿತು. ಅವರು ನಂಬರ್ ಓದಿದರು, ನಾನು ಆಫೀಸ್ ಫೋನಿನಲ್ಲಿ ಒತ್ತಿದೆ. ಅಷ್ಟರಲ್ಲಿ ಅವರು ತಮ್ಮ ಮೊಬೈಲಿನಿಂದ ನನ್ನ ಮೊಬೈಲಿಗೆ ಕರೆ ಹಚ್ಚಿ, "ಕಟ್ ಮಾಡ್ಬೇಡ" ಎನ್ನುತ್ತ ಬರಿಗಾಲಲ್ಲೇ ಓಡಿದರು. ಕಟ್ಟಡ ಹಿಂದಿನ ಬೀದಿಯಲ್ಲೇ ಇತ್ತು, ಆದರೂ ಆ ಕ್ಷಣಕ್ಕೆ ಅದು ದೂರವೇ.

"ಲಿಫ್ಟ್ ಆಫೀಸಾ?" ಅಜ್ಜಿಯ ದನಿ. "ಅಂತೂ ಪುಣ್ಯಾತ್ಮರು ಫೋನ್ ಮಾಡಿದ್ರಿ! ನಾನು ಬರೆದು ಬರೆದು..."

"ಅಜ್ಜಿ! ವಾಚ್‌ಮನ್ ಕರೆಂಟ್ ಹಾಕೋಕೆ ಮೇಲೆ ಬರ್ತಿದ್ದಾನೆ. ಹಾಕಿದ್ರೆ ನಮ್ಮಣ್ಣ ಸಾಯ್ತಾನೆ. ಹಿಡ್ಕೊಳ್ಳಿ ಅವನನ್ನ!"

ಅಜ್ಜಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಗಿಲು ದಢಾರೆಂದಿತು. ಚಪ್ಪಲಿಯ ಸದ್ದು, ಏದುಸಿರು, ಕಬ್ಬಿಣದ ಮೆಟ್ಟಿಲಿನ ಠಣಠಣ.

"ಏಯ್! ಕೈ ತೆಗಿ!" ಎಂದು ಅಜ್ಜಿ ಕಿರುಚಿದ್ದು ಕೇಳಿಸಿತು. ಆಮೇಲೆ ವಾಚ್‌ಮನ್ ದನಿ: "ಆಫೀಸಿನವರೇ ಹಾಕು ಅಂದ್ರಲ್ಲಮ್ಮಾ..."

"ಸ್ವಿಚ್ ಮೇಲೆ ಕೈ ಇಟ್ಟಿದ್ದ ಕಣಮ್ಮ," ಎಂದರು ಅಜ್ಜಿ. "ಮಣಿಕಟ್ಟು ಹಿಡ್ಕೊಂಡಿದ್ದೀನಿ. ಮುಂದೆ?"

"ಬಿಡಬೇಡಿ. ಏನಾದ್ರೂ ಆಗ್ಲಿ, ಬಿಡಬೇಡಿ."

ಇನ್ನೊಂದು ಕಿವಿಯಲ್ಲಿ ಅತ್ತಿಗೆಯ ಓಟ ಕೇಳುತ್ತಿತ್ತು. ಓಟ ನಿಂತು ಅವರ ದನಿ ಬಾವಿಯೊಳಗೆ ಗುಂಯ್‌ಗುಟ್ಟಿತು.

"ಮೇಲೆ ಬನ್ನಿ! ಈಗ್ಲೇ!"

"ಇನ್ನೊಂದೇ ಬೋಲ್ಟ್ ಇದೆ ಕಣೇ," ತಳದಿಂದ ಅಣ್ಣ. ಬದುಕಿದ್ದಾನೆ. ಕೋಪಿಸಿಕೊಂಡಿದ್ದಾನೆ ಕೂಡ.

"ಬೋಲ್ಟ್ ಹಾಳಾಗ್ಲಿ, ಬನ್ನಿ ಅಂದ್ರೆ ಬನ್ನಿ!"

ಏಣಿ ಕಿರುಗುಟ್ಟಿತು. ಅಣ್ಣನ ಉಸಿರು ಹತ್ತಿರವಾಯಿತು. "ಏನಾಯ್ತು? ಚಪ್ಪಲಿ ಎಲ್ಲಿ?"

ಕಂಪ್ಯೂಟರಿನ ತಪ್ಪು ಎನ್ನಬಹುದಿತ್ತು. 'ಮಾಡ್ಕೊಳ್ಳಿ' ಎಂದ ನನ್ನ ಮೇಲೆ ಹಾಕಬಹುದಿತ್ತು. ನಾನಾಗಿದ್ದರೆ ಎರಡನ್ನೂ ಮಾಡುತ್ತಿದ್ದೆ.

"ಕರೆಂಟ್ ಹಾಕಿ ಅಂದ್ಬಿಟ್ಟೆ," ಎಂದರು ಅತ್ತಿಗೆ. "ನಾನೇ ಅಂದಿದ್ದು. ನೀವು ಒಳಗಿರುವಾಗ."

ಅಣ್ಣನ ಸಿಟ್ಟು ನನಗೆ ಗೊತ್ತು, ಬೈಗುಳಕ್ಕೆ ಕಾದೆ.

"ಕೂತ್ಕೋ," ಎಂದ ಅಣ್ಣ. "ಕಾಲು ನಡುಗ್ತಿದೆ ನಿಂದು."

"ನಿಮ್ದೂ ನಡುಗ್ತಿದೆ."

ಇಬ್ಬರೂ ನೆಲದ ಮೇಲೆ ಕೂತ ಸದ್ದು ಕೇಳಿಸಿತು. ಆಮೇಲೆ ಅತ್ತಿಗೆ ಅತ್ತರು, ಜೋರಾಗಿ, ಸ್ವಲ್ಪವೂ ನೀಟಾಗಿಲ್ಲದ ಅಳು.

"ಏನಮ್ಮಾ," ಈಚೆ ಕಿವಿಯಲ್ಲಿ ಅಜ್ಜಿ ಕೇಳಿದರು, "ಇವನ ಕೈ ಬಿಡ್ಲಾ?"

ಅಣ್ಣ ಹೊರಗೆ ಬಂದಾಗಿತ್ತು. ಬಿಡಿ ಎನ್ನಬೇಕಿತ್ತು.

"ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರಿ, ಅಜ್ಜಿ," ಎಂದೆ.