ರಜೆ ಅರ್ಜಿಯ ಕೆಳಗಿನ ಪುಟ

೧
ಎಲ್ಲಿಂದ ಶುರು ಮಾಡಲಿ? ಎಡಗಡೆಯಿಂದ? ಕಂಪನಿಯ ವಿಕಿಯಲ್ಲಿ, ಅಂದರೆ ಕೆಲಸದವರೇ ಕಂಪ್ಯೂಟರಿನಲ್ಲಿ ಬರೆದಿಡುವ ಕೈಪಿಡಿಯಲ್ಲಿ, ಎಡಗಡೆ ಪುಟಗಳ ಪಟ್ಟಿ ಇರುತ್ತದೆ: ಒಂದು ಪುಟ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ನಡುವೆ ಬರಹ. ಬಲಗಡೆ ಆ ಬರಹದ ಉಪಶೀರ್ಷಿಕೆಗಳು. (ಆಕಳಿಸಬೇಡಿ, ಓದುಗರೇ. ಇಷ್ಟನ್ನೇ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ.)

೨
ಸರಿ, ಅವಳಿಂದ. ಲಿಫ್ಟ್ ರಿಪೇರಿ ಕಂಪನಿಗೆ ಸೇರಿ ಮೂರು ವಾರವಾದ ಹೊಸಬಳು. ನಾಳೆ ಬೆಳಿಗ್ಗೆಯಿಂದ ಸಹಾಯವಾಣಿಯ ಫೋನಿನ ಮುಂದೆ ಒಬ್ಬಳೇ ಕೂರಬೇಕು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕರೆ ಬಂದರೆ, ಬೇಕಾದ ಪುಟ ತಕ್ಷಣ ಕಣ್ಣಿಗೆ ಬೀಳಬೇಕು.

ಬೀಳುವುದಿಲ್ಲ. 'ಬಾಗಿಲಿನ ಸೆನ್ಸರ್' ಇರುವುದು 'ಕ್ಯಾಂಟೀನ್ ಸಮಯ'ದ ಕೆಳಗೆ. 'ಕರೆಂಟ್ ಹೋದರೆ' ಇರುವುದು 'ಯೂನಿಫಾರ್ಮ್ ಅಳತೆ'ಯ ಕೆಳಗೆ. ಎಲ್ಲಕ್ಕಿಂತ ಮುಖ್ಯವಾದ 'ಸಿಕ್ಕಿಕೊಂಡವರ ಜೊತೆ ಏನು ಮಾತಾಡಬೇಕು' ಎನ್ನುವ ಪುಟ 'ರಜೆ ಅರ್ಜಿ'ಯ ಕೆಳಗಿದೆ.

(ಸರ್ಚ್ ಇಲ್ಲವೇ ಎಂದಿರಾ? ಇದೆ. ಫೋನಿನಲ್ಲಿ ಯಾರೋ ಕೂಗುತ್ತಿರುವಾಗ ಅದರಲ್ಲಿ ಏನೆಂದು ಟೈಪ್ ಮಾಡುತ್ತೀರಿ?)

೩
ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ, ಆ ವಿಕಿ ಕಟ್ಟಿದ ಹಳೆಯ ಮೆಕ್ಯಾನಿಕನನ್ನು ಶುದ್ಧ ಬೇಜವಾಬ್ದಾರಿ ಮನುಷ್ಯನನ್ನಾಗಿ ಮಾಡಿದ್ದೆ. ಕಥೆಯೊಳಗಿನ ಹೊಸಬಳೇ ಒಪ್ಪಲಿಲ್ಲ.

"ಸುಮ್ನೆ ಯಾಕ್ ಬೈತೀರಾ ಮೇಡಂ? ಕೇಳಿದ್ರಾಯ್ತಲ್ಲ."

ಫೋನ್ ಮಾಡಿ ಕೇಳಿಯೇಬಿಟ್ಟಳು. ನಿವೃತ್ತರಾದ ಆ ಮೆಕ್ಯಾನಿಕರನ್ನು, ಒಂದನ್ನೇ ಮೂರು ಸಲ ವಿವರಿಸುತ್ತಾರೆಂದು, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

"ಮೇಷ್ಟ್ರೇ, ನಿಮ್ ಪುಟಗಳೆಲ್ಲ ಯಾರ್ಯಾರದೋ ಮನೇಲಿ ಮಲಗಿವೆ!"

ಮೇಷ್ಟ್ರು ಫೋನಿನಲ್ಲೇ ನಕ್ಕರು. "ಹೊಸ ಪುಟ ಅಂತ ಒತ್ತಿದ್ರೆ, ಆಗ ಯಾವ್ದು ತೆರೆದಿರುತ್ತೋ ಅದ್ರ ಕೆಳಗೇ ಹುಟ್ಟುತ್ತೆ ಕಣಮ್ಮ. ನಂಗದು ಗೊತ್ತಾಗಿದ್ದು ರಿಟೈರಾಗೋ ವಾರ! ಏನೋ ನೋಡ್ತಾ ಕೂತಿರ್ತಿದ್ದೆ, ಕರೆ ಬರೋದು. ಮರೆಯೋಕ್ ಮುಂಚೆ ಬರೆದಿಡ್ತಿದ್ದೆ."

"ರಜೆ ಅರ್ಜಿ?"

ಮೇಷ್ಟ್ರು ದನಿ ತಗ್ಗಿಸಿದರು.

"ಅವತ್ತು ನಮ್ಮನೆಯವಳಿಗೆ ಆಪರೇಷನ್. ಅರ್ಜಿ ತುಂಬ್ತಿದ್ದೆ, ಕರೆ ಬಂತು. ಒಂದ್ ಹೆಣ್ಮಗು, ಲಿಫ್ಟಲ್ಲಿ ಒಬ್ಳೇ, ಅಳ್ತಾ ಇತ್ತು. ಐವತ್ತು ನಿಮಿಷ ಮಾತಾಡಿದೆ. ನಾನು ಆಸ್ಪತ್ರೆಗೆ ಹೋಗೋಷ್ಟ್ರಲ್ಲಿ ಇವಳನ್ನ ಒಳಗೆ ಕರ್ಕೊಂಡ್ ಹೋಗಿದ್ರು."

ಫೋನಿನಲ್ಲಿ ಅವರ ಹಿಂದಿನಿಂದ ಒಂದು ಹೆಣ್ಣುದನಿ: "ಪುಟ ಬೇರೆ ಬರೆದಿಟ್ಟು ಬಂದ್ರಲ್ಲ, ಅದನ್ನೂ ಹೇಳಿ!"

"ಕೇಳಿಸ್ತಾ? ಆರು ವರ್ಷ ಆಯ್ತು, ಇನ್ನೂ ಬೈತಾಳೆ. ಬೈದಾದ್ಮೇಲೆ, ಪಾಪ ಆ ಮಗು ಮನೆ ಸೇರ್ತಾ ಅಂತಾನೂ ಕೇಳ್ತಾಳೆ."

೪
ನಾನು ಕರಗಿಹೋದೆ. (ಬರೆಯುವವರ ಕೆಟ್ಟ ಚಾಳಿ.) ಪುಟ ಅಲ್ಲೇ ಇರಲಿ, ಆ ಇಬ್ಬರ ಸಂಸಾರವೇ ಆ ಜಾಗದಲ್ಲಿದೆ ಎಂದೆ.

"ಮೇಡಂ, ಲಿಫ್ಟೊಳಗೆ ಉಸಿರು ಬಿಗಿಹಿಡಿದು ನಿಂತೋರಿಗೆ ಮೇಷ್ಟ್ರ ಸಂಸಾರ ಕಟ್ಕೊಂಡು ಏನಾಗ್ಬೇಕು? ನಂಗೆ ಪುಟ ಕೈಗೆ ಸಿಗ್ಬೇಕು."

"ಅದು ಅವರ ನೆನಪು ಕಣೇ."

"ನೆನಪು ಅವರ ಹತ್ರ ಇದೆ. ಇಲ್ದಿದ್ರೆ ಆ ಅಮ್ಮ ಬೈತಾರಾ?"

೫
ಅಂತ್ಯ ಒಂದು: ಅವಳು ಪುಟವನ್ನು ಅಲ್ಲೇ ಬಿಟ್ಟು, ದಾರಿಯನ್ನು ಬಾಯಿಪಾಠ ಮಾಡುತ್ತಾಳೆ. (ನನ್ನ ಆಸೆ. ಅವಳು ಹೊಡೆದುಹಾಕಿದಳು.)

ಅಂತ್ಯ ಎರಡು: ಆರು ವರ್ಷದ ಹಿಂದೆ ಅತ್ತ ಮಗು ಇವಳೇ. (ಛೆ. ಇದನ್ನು ನಾನೇ ಹೊಡೆದುಹಾಕಿದೆ.)

ಆದದ್ದಿಷ್ಟು. ಪುಟವನ್ನು ಮೌಸಿನಿಂದ ಎಳೆದು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಕ್ಕೆ ತಂದಳು. ಅದರಲ್ಲಿ ಮೇಷ್ಟ್ರು ಬರೆದಿದ್ದರು: 'ಹೆಸರು ಕೇಳಿ. ನಿಮ್ಮ ಹೆಸರನ್ನೂ ಹೇಳಿ. ಎರಡೇ ನಿಮಿಷ ಎಂದು ಸುಳ್ಳು ಹೇಳಬೇಡಿ. ಬಾಗಿಲು ತೆರೆಯುವವರೆಗೆ ಜೊತೆಯಲ್ಲಿರಿ.'

೬
ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಫೋನ್. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಒಬ್ಬರು ಅಜ್ಜ.

"ನಾನಿದೀನಿ ಅಜ್ಜ. ನಿಮ್ ಹೆಸರೇನು?"

ಬಾಗಿಲು ತೆರೆಯಿತೇ ಎಂದು ನನ್ನನ್ನು ಕೇಳಬೇಡಿ. ರಿಪೇರಿಯವರು ಇನ್ನೂ ದಾರಿಯಲ್ಲಿದ್ದಾರೆ. ಅಜ್ಜ ಮೆಲ್ಲಗೆ ಮಾತಾಡುತ್ತಿದ್ದಾರೆ, ಅವಳು ಕಿವಿಗೊಟ್ಟು ಕೇಳುತ್ತಿದ್ದಾಳೆ. ಈ ಲೈನಿನಲ್ಲಿ ನಾನೂ ನೀವೂ ಉಸಿರಾಡುತ್ತಾ ಕೂತರೆ ಅವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ.

ನಾನು ಫೋನ್ ಇಡುತ್ತೇನೆ. ನೀವೂ—