ಎಡಗಾಲಿನ ಮೆಟ್ಟು

"ನಿಲ್ಲಿಸು ದೊಡ್ಡವ್ವ! ಬಿಳಿ ಮಣಿ ಬರೋ ಕಡೆ ನೀಲಿ ಪೋಣಿಸಿದೀಯ," ಎಂದು ಅಮೆಹಾ ಮುದುಕಿಯ ಕೈ ಹಿಡಿದಳು.

ದೊಡ್ಡವ್ವ ಚರ್ಮದ ಮೆಟ್ಟನ್ನು ಮೂಗಿನ ಹತ್ತಿರ ತಂದು ನೋಡಿದಳು. "ಹಾಳಾದ ಕಣ್ಣು! ಸಾಲು ಪೂರ್ತಿ ಮುಗಿಸಿಬಿಟ್ಟಿದೀನಲ್ಲೇ."

ಗುಡಾರದ ನಡುವೆ ಅವಳ ತಂಗಿ, ಅಮೆಹಾಳ ಅವ್ವ ವೋಯೆಸ್ತಾ, ತಾನೇ ಹೊಲಿದ ಜಿಂಕೆ ಚರ್ಮದ ಉಡುಪಿನಲ್ಲಿ ಮಲಗಿದ್ದಳು. ಬಲಗಾಲಿಗೆ ಮಣಿಯ ಮೆಟ್ಟು ಏರಿತ್ತು, ಎಡಗಾಲು ಬರಿದು. ಸೂರ್ಯ ಟಂಗ್ ನದಿಯಾಚೆ ಇಳಿಯುವುದರೊಳಗೆ ಮಣ್ಣು ಮಾಡಬೇಕು. ಪಾದ್ರಿ ಹೊರಗೆ ಗಾಡಿ ತಂದು ನಿಲ್ಲಿಸಿದ್ದ. ಬೋರ್ಡಿಂಗ್ ಸ್ಕೂಲಿನ ಮೇಟ್ರನ್ ಮಿಸ್ ಹ್ಯಾರೊ ಮಾತ್ರ ಒಳಗೇ ಬಂದು, ತೊಡೆಯ ಮೇಲೆ ಒಂದು ಜೊತೆ ಕರಿ ಬೂಟು ಇಟ್ಟುಕೊಂಡು ಕೂತಿದ್ದಳು. ಮೆಟ್ಟು ಮುಗಿಯದಿದ್ದರೆ ಅವ್ವನ ಕಾಲಿಗೆ ಆ ಬೂಟೇ ಗತಿ.

"ಬಿಚ್ಚಿ ಬೇಗ ಹೊಲೀರವ್ವ, ಪಾದ್ರಿ ಗಡಿಯಾರ ನೋಡ್ತಾವ್ನೆ," ಎಂದ ಬಾಗಿಲಲ್ಲಿ ನಿಂತ ಪೊಲೀಸ್. ನಮ್ಮವನೇ, ಬಿಳಿಯರ ಕೋಟು ತೊಟ್ಟವನು.

"ಆ ಕೋಟು ಹಾಕ್ಕೊಳ್ಳೋವಾಗ ಕಟ್ಟಳೇನೂ ಬಿಚ್ಚಿಟ್ಟೆಯೇನೋ?" ದೊಡ್ಡವ್ವ ಗದರಿದಳು.

ಷೈಯೆನ್ ಬುಡಕಟ್ಟಿನ ಹೆಂಗಸರ ಮಣಿಕೆಲಸದ ಕಟ್ಟಳೆ ಅಂಥದು. ಈ ಮೆಟ್ಟಿನಂತೆ ಹರಕೆ ಹೊತ್ತು ಹಿಡಿದ ಕೆಲಸ ತಪ್ಪಿದರೆ ಹೊಲಿದವಳು ಬಿಚ್ಚುವಂತಿಲ್ಲ. ಶತ್ರುವಿನ ಮೈಮೇಲೆ ಕೈಮಾಡಿದವರೊಬ್ಬರು ಬಂದು, ಆ ಸಾಹಸವನ್ನು ಸಾಕ್ಷಿ ಸಮೇತ ಹೇಳಿ, ತಪ್ಪಿದ ಸಾಲನ್ನು ಕತ್ತರಿಸಬೇಕು. ನಲವತ್ತು ವರ್ಷ ಹಾಗೆ ಕತ್ತರಿಸಿಕೊಟ್ಟ ಕುಂಟುತೋಳ ಎಂಬ ಹೆಸರಿನ ಅಜ್ಜ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅಂಥ ಕತೆ ಬಾಯಿಬಿಟ್ಟವರ ಮನೆಗೆ ರೇಷನ್ ಇಲ್ಲವೆಂದು, ಅದನ್ನು ಹಂಚುವ ಸರ್ಕಾರಿ ಏಜೆಂಟನ ಅಪ್ಪಣೆ ಬೇರೆ.

"ಯಾರಿದಾರೆ ಇನ್ನು?" ದೊಡ್ಡವ್ವ ಸುತ್ತ ಕೂತ ಹೆಂಗಸರ ಮುಖ ನೋಡಿದಳು.

ಅಮೆಹಾ ಕರಿ ಬೂಟುಗಳನ್ನು ನೋಡಿದಳು.

*

ಅವಳಿಗೆ ಆಗ ಹತ್ತು ವರ್ಷ. ಸ್ಕೂಲಿಗೆ ಸೇರಿಸಿದ ದಿನವೇ ಮಿಸ್ ಹ್ಯಾರೊ ಅವಳ ಮೆಟ್ಟು ಕಿತ್ತು ಒಲೆಗೆ ಹಾಕಿದಳು. ಅವ್ವ ಚಳಿಗಾಲವಿಡೀ ಕೂತು ಮಣಿ ಕೂರಿಸಿದ ಮೆಟ್ಟು. ಅಮೆಹಾ ಒಲೆಯ ಸಲಾಕೆ ಎತ್ತಿ ಅವಳ ಮುಖಕ್ಕೆ ಬಾರಿಸಿದಳು. ಮೂರು ದಿನ ನೆಲಮಾಳಿಗೆಯಲ್ಲಿ ಕೂಡಿಹಾಕಿದರು. ಸುದ್ದಿ ತಿಳಿದು ಎರಡು ದಿನ ನಡೆದು ಬಂದ ಅವ್ವ ಬೇಲಿಯಾಚೆ ನಿಂತು ಕೇಳಿದ್ದು ಒಂದೇ ಮಾತು.

"ಸರಿಯಾಗಿ ಬಿತ್ತಾ?"

"ರಕ್ತ ಬಂತವ್ವ."

"ಯಾರಿಗೂ ಹೇಳಬೇಡ. ಇನ್ನೊಂದು ಜೊತೆ ಹೊಲೀತೀನಿ."

ಹೊಲಿದಳು. ಅದನ್ನೂ ಸುಟ್ಟರು. ಮತ್ತೆ ಹೊಲಿದಳು. ಸ್ಕೂಲು ಬಿಡುವವರೆಗೆ ಆರು ಜೊತೆ ಬೂದಿಯಾದವು. ಮಗಳಿಗೆ ಸಾಕಾಯಿತೇ ಹೊರತು ಅವ್ವನಿಗೆ ಸಾಕಾಗಲಿಲ್ಲ.

*

"ನಾನು ಕತ್ತರಿಸ್ತೀನಿ," ಎಂದು ಅಮೆಹಾ ಎದ್ದು ನಿಂತಳು.

"ಬೇಡ ಅಕ್ಕ, ರೇಷನ್ ನಿಲ್ಲಿಸ್ತಾರೆ," ಎಂದ ಪೊಲೀಸ್.

"ನಿಲ್ಲಿಸ್ಲಿ ಬಿಡು. ನಮ್ಮವ್ವ ಆ ಬೂಟು ಹಾಕ್ಕೊಂಡು ಹೋಗಲ್ಲ."

ಸಲಾಕೆಯ ಕತೆಯನ್ನು ಒಂದಕ್ಷರ ಬಿಡದೆ, ಹೊರಗಿನ ಪಾದ್ರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಸುತ್ತ ಕೂತ ಹೆಂಗಸರು ಹತ್ತಿರ ಸರಿದರು.

"ಸಾಕ್ಷಿ ಯಾರೇ?" ಎಂದಳು ದೊಡ್ಡವ್ವ. ಸ್ವಂತ ತಂಗಿಯ ಮಗಳಾದರೂ ಕೇಳಲೇಬೇಕಲ್ಲ.

"ಇಲ್ಲೇ ಕೂತವ್ಳೆ." ಅಮೆಹಾ ಮಿಸ್ ಹ್ಯಾರೊ ಕಡೆ ತಿರುಗಿ, ಅವಳೇ ಬಡಿದು ಕಲಿಸಿದ ಇಂಗ್ಲಿಷಿನಲ್ಲಿ ಕೇಳಿದಳು: "ಸಲಾಕೆಯಿಂದ ನಿಮಗೆ ಹೊಡೆದವಳು ನಾನೇ ಅಲ್ಲವೇ?"

ಮಿಸ್ ಹ್ಯಾರೊ ಕೈ ತಾನಾಗಿ ಮೇಲೆದ್ದು ಎಡಹುಬ್ಬಿನ ಮೇಲಿನ ಕಲೆಯನ್ನು ಮುಟ್ಟಿತು.

ದೊಡ್ಡವ್ವ ಅಮೆಹಾಳ ಕೈಗೆ ಚಾಕು ಕೊಟ್ಟಳು. ಅವಳು ಎಳೆ ಕತ್ತರಿಸಿದಳು, ನೀಲಿ ಮಣಿಗಳು ನೆಲದ ತುಂಬ ಚೆಲ್ಲಿದವು. ಗೆದ್ದು ಬಂದವರಿಗೆ ಹಾಕುವ ಕೇಕೆಯನ್ನು ಹೆಂಗಸರು ನಾಲಿಗೆ ಹೊರಳಿಸಿ ಹಾಕಿದರು. ಹೊರಗೆ ಪಾದ್ರಿಯ ಕುದುರೆ ಬೆಚ್ಚಿ ಗಾಡಿಯನ್ನು ಎಳೆದಾಡಿತು. ದೊಡ್ಡವ್ವ ಸೂಜಿಗೆ ಹೊಸ ದಾರ ಹಾಕಿ ಮೊದಲ ಬಿಳಿ ಮಣಿ ಪೋಣಿಸಿದಾಗಲೂ ಮಿಸ್ ಹ್ಯಾರೊ ಕೈ ಹುಬ್ಬಿನ ಮೇಲೇ ಇತ್ತು.